ನಾಲಗೆಯ ನೆಲೆ

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಹಲವು ವರ್ಷ ಮಕ್ಕಳಿಗೆ ಇಂಗ್ಲಿಷ್ ಬೋಧಿಸಿದವರು ನಾವು. ವ್ಯಾಕರಣದ ಭಯ ನಮಗಿರಲಿಲ್ಲ. ಕಾಗುಣಿತದಲ್ಲಂತೂ ಹೆಮ್ಮೆಯೇ ಇತ್ತು. ಆ ಹೆಮ್ಮೆಯನ್ನು ಇಳಿಸಿದವನು ನಮ್ಮ ಹಳೆಯ ವಿದ್ಯಾರ್ಥಿ. ಬ್ಯಾಂಕ್ ನೌಕರಿಯ ಸಂದರ್ಶನ ಮುಗಿಸಿ ಬಂದ ಆತ ಒಂದು ಸಂಜೆ ನಮ್ಮ ಮನೆಗೆ ಬಂದು, ಶರಣು ಹೇಳಿ, ಬಹಳ ಹೊತ್ತು ಸುಮ್ಮನೆ ಕುಳಿತ. ಕಡೆಗೆ ಮೆಲ್ಲನೆ ಕೇಳಿದ: "ಗುರುಗಳೇ, ಸಾಲಕ್ಕೆ ಇಂಗ್ಲಿಷಿನಲ್ಲಿ ಡೆಬ್ಟ್ ಅನ್ನುತ್ತಾರೋ, ಡೆಟ್ ಅನ್ನುತ್ತಾರೋ?"

ಸಂದರ್ಶಕರು ನಕ್ಕಿದ್ದರಂತೆ. ಆಮೇಲೆ ಇವನ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಕರಿಹಲಗೆಯ ಮುಂದೆ ನಿಂತು 'ಡೆಬ್ಟ್' ಎಂದು ಹೇಳಿಕೊಟ್ಟವರು ನಾವೇ ಎಂಬುದನ್ನು ಆತ ಎತ್ತಿ ಆಡಲಿಲ್ಲ. ಅದೇ ನಮ್ಮನ್ನು ಹೆಚ್ಚು ಬಾಧಿಸಿತು.

ಡೇನಿಯಲ್ ಜೋನ್ಸ್ ಅವರ ಉಚ್ಚಾರಣಾ ನಿಘಂಟು 1917ರಲ್ಲಿಯೇ ಪ್ರಕಟವಾಗಿದ್ದರೂ ನಾವು ಅದನ್ನು ತೆರೆದದ್ದು ಈ ಘಟನೆಯ ತರುವಾಯ. ಫ್ರೆಂಚಿನಿಂದ ಬಂದಾಗ ಆ ಶಬ್ದದಲ್ಲಿ 'ಬಿ' ಇರಲೇ ಇಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಅದನ್ನು ಬರಹದೊಳಗೆ ಸೇರಿಸಿದರು, ನಾಲಗೆ ಒಪ್ಪಲಿಲ್ಲ. ಬರೆದಂತೆ ಓದುವ ಕನ್ನಡದ ಮಕ್ಕಳಿಗೆ ಇದು ಹೇಗೆ ತಿಳಿಯಬೇಕು? ಇಂಗ್ಲಿಷಿನ ಅಕ್ಷರ 26. ಬ್ರಿಟಿಷ್ ಉಚ್ಚಾರಣೆಯ ಧ್ವನಿಗಳು ಸುಮಾರು 44. ಐದು ಸ್ವರಾಕ್ಷರಗಳು ಸುಮಾರು 20 ಸ್ವರಗಳ ಭಾರ ಹೊತ್ತಿವೆ.

ಆದರೆ ಈ ವಿದ್ಯೆಯ ಕೀಲಿಕೈ ನಮ್ಮ ಮನೆಯಲ್ಲಿಯೇ ಇದೆ. ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ಹಾದು ತುಟಿಗೆ ಬರುವ ವರ್ಣಮಾಲೆ ಧ್ವನಿಶಾಸ್ತ್ರವಲ್ಲದೆ ಮತ್ತೇನು? ಭಾರತದ ವೈಯಾಕರಣರಿಲ್ಲದೆ ತಮ್ಮ ನಾಡಿನ 19ನೇ ಶತಮಾನದ ಧ್ವನಿಶಾಸ್ತ್ರವನ್ನು ಊಹಿಸುವುದೇ ಕಷ್ಟವೆಂದು ಇಂಗ್ಲೆಂಡಿನ ವಿದ್ವಾಂಸ ಜೆ. ಆರ್. ಫರ್ತ್ 1946ರಲ್ಲಿ ಒಪ್ಪಿಕೊಂಡಿದ್ದಾರೆ.

ಬಸವ ಜಯಂತಿ ಕಳೆದ ಮೇಲೆ, ಬೇಸಿಗೆಯ ರಜೆಯಲ್ಲಿ, ನಮ್ಮ ಪಡಸಾಲೆಯಲ್ಲಿ ಸಂಜೆಯ ಪಾಠ ಆರಂಭಿಸಿದೆವು. ಕ ಖ ಗ ಘ ಹೇಳಿಸುತ್ತ ನಾಲಗೆ ಎಲ್ಲಿದೆ ಎಂದು ಕೇಳುವುದೇ ಮೊದಲ ಪಾಠ. ನಮ್ಮ 'ಟ'ಕ್ಕೆ ನಾಲಗೆ ಹಿಂದಕ್ಕೆ ಮಡಚುತ್ತದೆ, 'ತ'ಕ್ಕೆ ಹಲ್ಲನ್ನು ಮುಟ್ಟುತ್ತದೆ. ಇಂಗ್ಲಿಷಿನ 'ಟಿ'ಯ ಠಾವು ಇವೆರಡರ ನಡುವೆ, ಮೇಲ್ವಸಡಿನ ಮೇಲೆ. ತೆಳುಕಾಗದವನ್ನು ತುಟಿಯ ಮುಂದೆ ಹಿಡಿದು 'ಪಿನ್' ಎಂದರೆ ಇಂಗ್ಲಿಷರ ಬಾಯಲ್ಲಿ ಕಾಗದ ಹಾರುತ್ತದೆ, 'ಸ್ಪಿನ್' ಎಂದರೆ ಹಾರದು. ಮಕ್ಕಳು ಕಾಗದ ಹಾರಿಸುವುದರಲ್ಲಿ ಮೈಮರೆತು ಪಾಠವನ್ನೇ ಮರೆತ ದಿನಗಳೂ ಉಂಟು.

'ಝೀರೋ' ಎಂಬಲ್ಲಿನ ಮೊದಲ ಧ್ವನಿ ಎಲ್ಲಕ್ಕಿಂತ ಕಠಿಣವಾಯಿತು; ಎಲ್ಲರೂ 'ಜೀರೋ' ಎನ್ನುವವರೇ. ಮನೆಯಲ್ಲಿ ಉರ್ದು ಆಡುವ ನೆರೆಯ ಬಾಲಕನೊಬ್ಬ 'ಜಮೀನ್', 'ಬಜಾರ್' ಎಂದು ತನ್ನ ರೀತಿಯಲ್ಲಿ ನುಡಿದಾಗ ಆ ಧ್ವನಿ ಸಲೀಸಾಗಿ ಬಂತು. ಅಂದು ಪಾಠ ಹೇಳಿದವನು ಅವನೇ. ಕೊರಳ ಮೇಲೆ ಬೆರಳಿಟ್ಟು 'ಸ್' ಎಂದು ಉದ್ದಕ್ಕೆ ಎಳೆಯುತ್ತ, ಬಾಯಿ ಕದಲಿಸದೆ ಕೊರಳನ್ನು ಮಿಡಿಸಿರೆಂದು ನಾವು ಸೇರಿಸಿದೆವು. ದುಂಬಿಯ ಗುಂಜಾರವದಿಂದ ಪಡಸಾಲೆ ತುಂಬಿತು.

ಮಕ್ಕಳ 'ಸಾಲಿ'ಯನ್ನೂ 'ಟೇಸನ್ನ'ನ್ನೂ ನಾವು ತಿದ್ದಲು ಹೋಗಲಿಲ್ಲ. ಅವು ಮನೆಯ ಮಾತುಗಳು, ಅವುಗಳಲ್ಲಿ ತಪ್ಪಿಲ್ಲ.

ಆ ಹಳೆಯ ವಿದ್ಯಾರ್ಥಿಯೂ ಬಂದು ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂರುತ್ತಿದ್ದ. ಉಚ್ಚರಿಸದ ಅಕ್ಷರಗಳ ಪಾಠದ ದಿನ ಅವನ ಸರದಿಗೆ ಅದೇ ಶಬ್ದ ಬಂತು. ಆತ ತಲೆ ತಗ್ಗಿಸಿದ. ಈ ಶಬ್ದವನ್ನು ತಪ್ಪಾಗಿ ಕಲಿಸಿದವರು ನಾವೆಂದು ಎಲ್ಲರೆದುರು ಹೇಳಿ, ಮೊದಲು ನಾವೇ 'ಡೆಟ್' ಎಂದೆವು. ಸ್ವಲ್ಪ ತಡೆದು ಅವನೂ ಹೇಳಿದ.