ಅರ್ಧ ಗುಂಟೆ ಹಿತ್ತಲ, ಒಂದು ಗೊಡ್ಡು ಆಕಳ

ಹಿತ್ತಲದ ಫೋಟೋ ಹಾಕಿದ ಮ್ಯಾಲೆ ಭಾಳ ಮಂದಿ ಫೋನ್ ಮಾಡಿ ಕೇಳಿದ್ರಿ, ಎಷ್ಟು ಜಾಗ, ಏನು ಖರ್ಚು, ಎಣ್ಣಿ ಹೊಡಿದ ಕಾಯಿಪಲ್ಯ ಖರೇನ ಬರತೈತೇನು ಅಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರದುಬಿಡ್ತೀನಿ. ಸ್ವಲ್ಪ ಉದ್ದ ಆಗೈತಿ, ರಾತ್ರಿ ಊಟ ಆದ ಮ್ಯಾಲೆ ಓದ್ರಿ.

ಯಾಕ ಮಾಡಿದ್ವಿ ಅನ್ನೋದು ನಿಮಗ ಬಿಡಿಸಿ ಹೇಳಬೇಕಾಗಿಲ್ಲ. ಮಾರೋ ಬದನಿಕಾಯಿಗೆ ಎಷ್ಟು ಸಲ ಪಂಪ್ ಬೆನ್ನಿಗೆ ಏರಸ್ತೀವಿ ಅಂತ ನಮಗ ಗೊತ್ತು, ಕೊಳ್ಳೋರಿಗೆ ಗೊತ್ತಿಲ್ಲ. ಮೋನೋಕ್ರೋಟೋಫಾಸ್ ಕಾಯಿಪಲ್ಯಕ್ಕ ಹೊಡಿಬಾರದು ಅಂತ ಸರ್ಕಾರ 2005ರಾಗ ನಿಷೇಧ ಮಾಡಿತ್ತು. ಆಮ್ಯಾಲೂ ಎಷ್ಟು ವರ್ಷ ಬೆಂಡಿಕಾಯಿ ಸಾಲಿನಾಗ ಆ ವಾಸನಿ ಬರ್ತಿತ್ತು ಅನ್ನೋದು ಓದೋರಿಗೆ ನೆನಪಿದ್ದೀತು. ನಾವು ಶೇಂಗಾ, ಉಳ್ಳಾಗಡ್ಡಿ, ಗೋವಿನಜೋಳ ಬೆಳಿಯೋರು. ಹೊಲ ಇಟಗೊಂಡು ಪಲ್ಯಕ್ಕ ಸಂತಿಗೆ ಚೀಲ ಹಿಡಕೊಂಡು ಹೋಗೋದು ನಮ್ಮ ಅವ್ವಗ ಮೊದಲಿಂದ ಸೇರತಿರಲಿಲ್ಲ. "ಒಕ್ಕಲಿಗನ ಮನಿಯಾಗ ಕೊತ್ತಂಬರಿ ಕೊಳ್ಳೋದಂದ್ರ ಏನೋ ತಮ್ಮಾ" ಅಂತಿದ್ಲು.

ಜಾಗ ಅರ್ಧ ಗುಂಟೆ, ಅಂದ್ರ ಸುಮಾರು 540 ಚದರಡಿ. ದನದ ಮನಿ ಹಿಂದಿನ ಖಾಲಿ ಜಾಗ. ಬಾದಾಮಿ ಗುಡ್ಡದ ಕಡಿ ಇರೋರಿಗೆ ಗೊತ್ತಿರೋ ಮಣ್ಣ ಅದು, ಕೆಂಪು ಕಲ್ಲು ಕರಗಿ ಆದ ಉಸುಕು ಮಸಾರಿ. ನೀರು ಹಾಕಿದ್ರ ಗಳಿಗ್ಯಾಗ ಇಂಗಿ ಹೋಗತೈತಿ. ಮಲಪ್ರಭಾ ದಂಡಿ ಎರಿ ಮಣ್ಣಿನವರು ಉಲ್ಟಾ ಮಾಡಬೇಕು, ಎತ್ತರದ ಮಡಿ ಕಟ್ಟಿ ನೀರು ಬಸಿಯಂಗ ನೋಡಬೇಕು. ನಮ್ಮಂಥ ಮಸಾರಿಯವರು ಮಡಿ ನೆಲಕ್ಕಿಂತ ನಾಲ್ಕು ಬೆರಳು ತಗ್ಗ ಇಟ್ರ ಛಲೋ. ಒಂದೊಂದು ಮಡಿಗೆ ವರ್ಷ ಕಳತ ತಿಪ್ಪಿಗೊಬ್ಬರ ನಾಲ್ಕು ನಾಲ್ಕು ಬುಟ್ಟಿ, ಮ್ಯಾಲೆ ಶೇಂಗಾ ಹೊಟ್ಟು ಮೂರು ಬೆರಳು ದಪ್ಪ. ಹಸಿ ಸಗಣಿ ನೇರ ಹಾಕಬ್ಯಾಡ್ರಿ, ಬೇರು ಸುಡತಾವು, ಗೆದ್ದಲಾನೂ ಬರತಾವು. ಹೊಟ್ಟು ಹೊಚ್ಚಿದ ಮ್ಯಾಲೆ ದಿನಾ ಹಾಕೋ ನೀರು ಎರಡು ದಿನಕ್ಕೊಮ್ಮೆ ಸಾಕಾತು. ಬಚ್ಚಲ ನೀರು ಸಾಬಾನಿದ್ದು, ಅದನ್ನ ಬಾಳಿ ಮತ್ತ ನುಗ್ಗಿ ಗಿಡಕ್ಕ ಬಿಟ್ಟೇವಿ, ಸೊಪ್ಪಿನ ಮಡಿಗೆ ಅಲ್ಲ.

ಜೀವಾಮೃತ ಅಂದ ಕೂಡಲೆ ಮಂದಿ 200 ಲೀಟರ್ ಡ್ರಮ್ ಹುಡಕ್ತಾರ. ಅದು ಎಕರೆ ಲೆಕ್ಕ. ಹಿತ್ತಲಕ್ಕ 20 ಲೀಟರ್ ಬಕೆಟ್ ಸಾಕು. ಸಗಣಿ 1 ಕೆಜಿ, ಗೋಮೂತ್ರ 1 ಲೀಟರ್, ಬೆಲ್ಲ 150 ಗ್ರಾಂ, ಕಡ್ಲಿ ಹಿಟ್ಟು ಅಷ್ಟ, ಎಣ್ಣಿ ಕಾಣದ ಬದುವಿನ ಮಣ್ಣು ಒಂದು ಹಿಡಿ. ನೆರಳಾಗ ಇಟ್ಟು ಮುಂಜಾನಿ ಸಂಜಿ ತಿರುವಿದ್ರ ಎರಡು ದಿನಕ್ಕ ತಯಾರ. ವಾರದೊಳಗ ಖಾಲಿ ಮಾಡ್ರಿ.

ರೋಗದ ಮಾತು. ಬದನಿ ಕುಡಿ ಜೋತು ಬಿತ್ತಂದ್ರ ಒಳಗ ಹುಳ ಐತಿ ಅಂತ ತಿಳೀರಿ. ಎಣ್ಣಿ ಹೊಡದ್ರೂ ಅದರ ತನಕ ಸರಿಯಾಗಿ ಮುಟ್ಟೋದಿಲ್ಲ. ಕುಡಿ ಚಿವುಟಿ ಒಲಿಗೆ ಹಾಕೋದ ಮದ್ದು. ಹದಿನೆಂಟು ಬದನಿ ಗಿಡಕ್ಕ ವಾರಕ್ಕ ಎರಡು ಸಲ ಹತ್ತು ಹತ್ತು ನಿಮಿಷ. ಎಕರೆಗಟ್ಟಲೆ ಇದ್ರ ಆಗೋ ಕೆಲಸ ಅಲ್ಲ ಇದು, ಹಿತ್ತಲದಾಗ ಆಗತೈತಿ. ಬೆಂಡಿಗೆ ಬಿಳಿ ನೊಣದಿಂದ ಹಳದಿ ರೋಗ ಬರತೈತಿ. ಹೆಸರಘಟ್ಟದ ಸಂಸ್ಥೆಯ ಅರ್ಕಾ ಅನಾಮಿಕ ಆ ರೋಗ ತಡಿಲಿ ಅಂತನ ಬಿಟ್ಟ ತಳಿ. ರೋಗ ಹತ್ತಿದ ಗಿಡ ಎಷ್ಟ ಛಂದ ಕಂಡ್ರೂ ಕಿತ್ತು ಒಗೀರಿ. ಉಳಿದದ್ದಕ್ಕ ಬೇವಿನ ಬೀಜ: ಒಂದು ಲೀಟರ್ ನೀರಿಗೆ 50 ಗ್ರಾಂ ಕುಟ್ಟಿ ಹಾಕಿ ರಾತ್ರಿ ನೆನಸಿ, ಸೋಸಿ, ಚೂರು ಸಾಬಾನ ನೀರು ಬೆರಸಿ ಸಂಜಿ ಹೊತ್ತು ಹೊಡೀರಿ. ಮಿರಗ ಮಳಿ ಹೊತ್ತಿಗೆ ಬೇವಿನಹಣ್ಣ ಉದುರತಾವು, ಆವಾಗ ಆರಿಸಿ ಒಣಗಿಸಿ ಇಟಗೋರಿ, ದುಡ್ಡಿಲ್ಲ.

ಹುಳ ಬಿಡ್ರಿ, ನಮ್ಮೂರಾಗ ದೊಡ್ಡ ರೋಗ ಮಂಗ್ಯಾ! ಗುಡ್ಡ ಇಳಿದು ಬಂದು ಟೊಮ್ಯಾಟೊ ಒಂದು ಕಚ್ಚಿ ಹತ್ತು ಒಗೀತಾವು. ಅವ್ವನ ಹಳೇ ಇಲಕಲ್ ಸೀರಿ ಸುತ್ತ ಕಟ್ಟಿದ್ವಿ, ಹಂದಿಗೆ ನಡೀತು, ಮಂಗ್ಯಾಗ ನಾಲ್ಕ ದಿನ ಅಷ್ಟ. ಈಗ ಟೊಮ್ಯಾಟೊ ಕಡಿಮಿ ಮಾಡಿ ಹಾಗಲ, ಪುಂಡಿ, ಮೆಂತೆ, ಮೆಣಸಿನಕಾಯಿ ಜಾಸ್ತಿ ಹಾಕೇವಿ. ನಮ್ಮ ಹಿತ್ತಲದಾಗ ಅವು ಇವಕ್ಕ ಭಾಳ ಕೈ ಹಾಕಿಲ್ಲ.

ಇನ್ನ ಆಕಳ ವಿಷಯ. ಮನಿಯಾಗ ಜಗಳ ನಡದದ್ದು ಇದರ ಮ್ಯಾಲೆ. ಜವಾರಿ ಆಕಳ, ಹಾಲು ಬಿಟ್ಟು ಏಳು ತಿಂಗಳಾತು. ಬನಶಂಕರಿ ಜಾತ್ರಿ ಹೊತ್ತಿಗೆ ಕೊಟ್ಟುಬಿಡೂಣು ಅಂತ ಅಪ್ಪ ಹಟ ಹಿಡದ್ರು. ಅವರ ಲೆಕ್ಕ ತಪ್ಪಲ್ಲ. ಮೇವಿಗೆ ದಿನಕ್ಕ ಕಡಿಮಿ ಅಂದ್ರೂ 50 ರೂಪಾಯಿ, ವಾರಕ್ಕ 350. ಹಿತ್ತಲದಿಂದ ಸಂತಿ ಖರ್ಚು ಉಳದದ್ದು ವಾರಕ್ಕ 250, ಛಲೋ ವಾರ 300. ಬರೇ ಪಲ್ಯದ ಲೆಕ್ಕದಾಗ ಆಕಳ ಸೋತಂಗ. "ಕೊತ್ತಂಬರಿ ಸಲುವಾಗಿ ಯಾರರ ಆಕಳ ಸಾಕ್ತಾರೇನು?" ಅಂದ್ರು ಅಪ್ಪ. ನಾ ಹೇಳಿದ್ದು ಇಷ್ಟ: ಅದು ಹೋದ ದಿನ ತಿಪ್ಪಿ ನಿಂತಿತು, ತಿಪ್ಪಿ ನಿಂತ್ರ ಈ ಉಸುಕಿನಾಗ ಎರಡ ವರ್ಷಕ್ಕ ಮೆಂತೆನೂ ಏಳೋದಿಲ್ಲ, ಉಳ್ಳಾಗಡ್ಡಿ ಹೊಲಕ್ಕೂ ಗೊಬ್ಬರ ಚೀಲಾನ ಗತಿ. ನಮ್ಮ ಮನಿಯಾಕಿ ನಡುವ ಬಂದು, ಮಿರಗದ ತನಕ ಮೇವಿನ ರೊಕ್ಕ ತನ್ನ ಸಂಘದ ದುಡ್ಡಿನಾಗ ಕೊಡ್ತೀನಿ ಅಂದ್ಲು. ಅಪ್ಪ ಮತ್ತ ಮಾತಾಡಲಿಲ್ಲ, ಆದ್ರ ಒಪ್ಪಿಲ್ಲ. ದನದ ಡಾಕ್ಟರು ಮುಂದಿನ ವಾರ ಬಂದು ಗಬ್ಬ ನಿಂತೈತೋ ಇಲ್ಲೋ ನೋಡ್ತಾರ. ಏನಾಕ್ಕೈತಿ ಅಂತ ಇಲ್ಲೇ ಬರೀತೀನಿ.

ಹಿತ್ತಲ ಮಾಡಿದ್ರ ಸಂತಿ ಪೂರ್ತಿ ಬಂದ್ ಅಂತ ತಿಳೀಬ್ಯಾಡ್ರಿ. ಬಟಾಟಿ, ಕೋಸು ನಾವು ಈಗೂ ತರತೀವಿ. ಏಪ್ರಿಲ್ ಮೇದಾಗ ಬೋರ್ ನೀರು ಇಳಿದ್ರ ಮೊದಲು ದನಕ್ಕ, ಆಮ್ಯಾಲೆ ಮಡಿಗೆ. ಆವಾಗ ಚವಳಿ, ಪುಂಡಿ, ನುಗ್ಗಿ ಅಷ್ಟ ಇಟಗೊಂಡು ಉಳಿದ ಮಡಿ ಹೊಚ್ಚಿ ಬಿಡ್ತೀವಿ.

ಜಾತ್ರಿ ಮುಂದಿನ ಪಲ್ಯೇದ ಹಬ್ಬಕ್ಕ ಬನಶಂಕರಿಗೆ 108 ಥರದ ಪಲ್ಯ ಮಾಡ್ತಾರಲ್ಲ, ಆ ದಿನ ಮಗಳು ಹಿತ್ತಲದಾಗ ಎಣಿಸಿದ್ಲು. ಹತ್ತೊಂಬತ್ತು ಆತು. ಹಕ್ಕರಿಕಿ, ರಾಜಗಿರಿ, ಸಬ್ಬಸಿಗಿ, ತುಪ್ಪರಿಕಾಯಿ ಎಲ್ಲಾ ಸೇರಿ. ಅವ್ವ ಬಾಯಿಲೆ ಹೇಳಿದ ಹೆಸರಿನೊಳಗ ಅರ್ಧ ಬೀಜ ಈಗ ನಮ್ಮ ಕಡಿ ಯಾರ ಮನಿಯಾಗೂ ಸಿಗವಲ್ವು.

ಅದಕ್ಕ ಒಂದು ಕೆಲಸ ಮಾಡ್ರಿ. ನಮ್ಮಲ್ಲಿ ಜವಾರಿ ಹೀರಿ, ಚವಳಿ, ಮುಳ್ಳು ಬದನಿ ಬೀಜ ಐತಿ, ಹಿಡಿ ಹಿಡಿ ಕೊಡ್ತೀನಿ, ರೊಕ್ಕ ಬ್ಯಾಡ. ಬರೋವಾಗ ನಿಮ್ಮ ಮನಿ ಗಡಿಗ್ಯಾಗ ಬೂದಿ ಹಚ್ಚಿ ಇಟ್ಟ ಬೀಜ ಏನರ ಇದ್ರ ತಗೊಂಡು ಬರ್ರಿ. ಹುಣಚಿಕ್ಕ ಪಲ್ಯದ ಬೀಜ ಇದ್ದೋರು ಮೊದಲು ಫೋನ್ ಮಾಡ್ರಿ, ಅವ್ವ ಕೇಳಿ ಕೇಳಿ ಸಾಕ್ ಮಾಡ್ಯಾಳ.