ಬರೆಯದೆ ಬಿಟ್ಟ ಸಾಲು

ಆಡಿಟ್ ಫೀ ಇಳಿಸುವುದರಲ್ಲಿ ನಾನು ಗಟ್ಟಿಗ ಎಂದು ಕಂಪನಿಯಲ್ಲಿ ಹೆಸರಿತ್ತು. ಆ ಹೆಸರು ನನಗೂ ಹಿತವಾಗಿತ್ತು. ಗೊಟ್ಟಿಗೆರೆಯಿಂದ ಜಿಗಣಿಗೆ ದಿನಾ ಹೋಗಿಬರುತ್ತಿದ್ದ ಕಾಲ ಅದು. ಅಲ್ಲಿ ನಾನು ಫೈನಾನ್ಸ್ ಮುಖ್ಯಸ್ಥ. ಕಾಯ್ದೆ ಪ್ರಕಾರ ಆಡಿಟರನ್ನು ನೇಮಿಸುವವರು ಷೇರುದಾರರು. ಆದರೆ ಕೊಟೇಶನ್ ತರಿಸುವವನು, ಚೌಕಾಶಿ ಮಾಡುವವನು, ಬಿಲ್ ಪಾಸ್ ಮಾಡುವವನು ನಾನು. ಯಾರ ಲೆಕ್ಕ ನೋಡಬೇಕೋ ಅವನೇ ನೋಡುವವನ ಕೂಲಿ ಗೊತ್ತುಮಾಡುತ್ತಿದ್ದ.

ಫೀ ಇಳಿದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಪಾರ್ಟ್ನರ್ ಸಹಿ ಹಾಕುವ ದಿನ ಬರುತ್ತಾರೆ; ಉಳಿದಂತೆ ಆರ್ಟಿಕಲ್‌ಶಿಪ್ ಹುಡುಗರು ವೋಚರುಗಳಿಗೆ ಟಿಕ್ ಹಾಕುತ್ತಾ ಕೂರುತ್ತಾರೆ. ಒಂದು ವರ್ಷ ಅವರಲ್ಲೊಬ್ಬ ಹುಡುಗಿ ಅಡ್ವಾನ್ಸ್ ಲೆಡ್ಜರ್ ನೋಡುತ್ತಾ ನಿಂತಳು. "ಸರ್, ಈ ಜಾಗದ ಅಡ್ವಾನ್ಸ್ ಹೋದ ವರ್ಷಾನೂ ಹೀಗೇ ಇತ್ತು. ಅಗ್ರಿಮೆಂಟ್ ಕಾಪಿ ಕೊಡ್ತೀರಾ?" "ನಿಮ್ಮ ಸರ್ ಹತ್ರ ಮಾತಾಡಿದೀನಮ್ಮ" ಎಂದೆ. ಮಾತಾಡಿರಲಿಲ್ಲ. ಪೆನ್ಸಿಲಿನಲ್ಲಿ ಹಾಕಿದ್ದ ಪ್ರಶ್ನೆ ಗುರುತನ್ನು ಅಳಿಸಿ ಅವಳು ಪುಟ ತಿರುವಿದಳು.

ಆ ಹಣ ಹೋಗಿದ್ದು ಒಬ್ಬ ಸ್ಥಳೀಯ ಮುಖಂಡರ ಸಂಬಂಧಿಕರಿಗೆ. ಜಾಗ ಇತ್ತೋ ಇಲ್ಲವೋ, ನಾನು ಹೋಗಿ ನೋಡಲಿಲ್ಲ. ಪಕ್ಷಕ್ಕೆ ಕೊಟ್ಟ ದೇಣಿಗೆಯನ್ನು ಕಂಪನಿ ಕಾಯ್ದೆಯ 182ನೇ ಸೆಕ್ಷನ್ ಪ್ರಕಾರ ಲಾಭ-ನಷ್ಟದ ಪಟ್ಟಿಯಲ್ಲಿ ತೋರಿಸಬೇಕು. ಇದು ದೇಣಿಗೆಯಲ್ಲವಲ್ಲ, ಅಡ್ವಾನ್ಸ್ ಅಲ್ಲವೇ ಎಂದು ನನಗೆ ನಾನೇ ವಕೀಲನಾದೆ.

ರಿಸ್ಕ್ ರಿಜಿಸ್ಟರ್ ಬರೆಯುತ್ತಿದ್ದವನೂ ನಾನೇ. ಡಾಲರ್ ಏರಿಳಿತ, ಸರ್ವರ್ ಹ್ಯಾಕ್, ಬೋರ್‌ವೆಲ್ ಬತ್ತುವುದು, ಎಲ್ಲಕ್ಕೂ ಕೆಂಪು, ಹಳದಿ, ಹಸಿರು ಬಣ್ಣ. ಮುಖಂಡರ ಸಾಲು ಅದರಲ್ಲಿ ಇರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನನ್ನ ಮನಸ್ಸಿನಲ್ಲಿ ಅವರು ಅಪಾಯವೇ ಆಗಿರಲಿಲ್ಲ, ಆಸರೆಯಾಗಿದ್ದರು. ಅವರ ಒಂದು ಫೋನಿಗೆ ಫೈಲು ಮೇಜಿಂದ ಮೇಜಿಗೆ ಓಡುತ್ತಿತ್ತು.

2019ರ ಜುಲೈನಲ್ಲಿ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದಾಗ ನಮ್ಮ ಆಫೀಸಿನಲ್ಲಿ ಎದ್ದ ಮೊದಲ ಮಾತು, "ಎಸ್.ಎಂ. ಕೃಷ್ಣ ಅವರ ಅಳಿಯನಿಗೇ ಹೀಗಾ?" ಆ ರಾಜಕೀಯ ನಂಟಿಗೂ ಆಮೇಲೆ ಹೊರಬಿದ್ದ ಲೆಕ್ಕಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ನಂಟಿದ್ದರೆ ಕಂಪನಿ ಭದ್ರ ಎಂಬ ನಮ್ಮ ಎಣಿಕೆಯ ಬಗ್ಗೆ ಹೇಳುತ್ತಿದ್ದೇನೆ. ಕಾಫಿ ಡೇಯ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕುಟುಂಬದ ಎಸ್ಟೇಟ್ ಕಂಪನಿಗೆ ಹೋಗಿತ್ತು ಎಂದು ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿ, 26 ಕೋಟಿ ದಂಡ ಹಾಕಿತು. ಮೊದಲೇ ಸಹಿ ಹಾಕಿಟ್ಟ ಖಾಲಿ ಚೆಕ್ಕುಗಳ ವಿಷಯವೂ ಅದರಲ್ಲಿ ಬರುತ್ತದೆ. ಅದೇ ವರ್ಷ ಆಡಿಟರುಗಳ ಮೇಲೆ ನಿಗಾ ಇಡುವ ಎನ್‌ಎಫ್‌ಆರ್‌ಎ ಆ ಸಮೂಹದ ಆಡಿಟರುಗಳಿಗೂ ದಂಡ ವಿಧಿಸಿತು. ಓದಿದಾಗ ಬೇರೆಯವರೆಲ್ಲ ಆಡಿಟರನ್ನು ಬೈದರು. ನನಗೆ ಮಾತ್ರ, ಆ ಚೆಕ್ಕುಗಳಿಗೆ ಸಹಿ ಹಾಕಿದವರು ನೆನಪಾದರು. ನನ್ನಂಥವರೇ ಇದ್ದಿರಬೇಕು.

ಕೆಲಸ ಹೋಗುವ ಭಯದಿಂದ ಸುಮ್ಮನಿದ್ದೆ ಎಂದರೆ ಓದುವವರಿಗೆ ಒಪ್ಪಿಗೆಯಾಗುತ್ತದೆ. ಆದರೆ ಯಾರೂ ನನ್ನನ್ನು ಹೆದರಿಸಿರಲಿಲ್ಲ; ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ಕೇಳದೆಯೇ ಅರ್ಥಮಾಡಿಕೊಳ್ಳುವ ಮನುಷ್ಯ ಎನ್ನಿಸಿಕೊಳ್ಳುವ ಖುಷಿ ಇತ್ತಲ್ಲ, ಭಯಕ್ಕಿಂತ ಹೆಚ್ಚಾಗಿ ಅದೇ ನನ್ನ ಬಾಯಿ ಕಟ್ಟಿತ್ತು. ಅಥವಾ ಭಯವೂ ಸ್ವಲ್ಪ ಇತ್ತೇನೋ. ಈಗ ಎರಡನ್ನೂ ಬೇರ್ಪಡಿಸಲು ಹೊರಟರೆ ಸಿಗುತ್ತಿಲ್ಲ.

ನಾನು ಕೆಲಸ ಬಿಡುವವರೆಗೂ ಆ ಅಡ್ವಾನ್ಸ್ ವಾಪಸ್ ಬಂದಿರಲಿಲ್ಲ. ಆಡಿಟ್ ಫೀ ಉಳಿಸಿದ್ದಕ್ಕೆ ಮಾತ್ರ ನನಗೆ ಬೋನಸ್ ಬಂತು. ಗೊಟ್ಟಿಗೆರೆ ಮನೆಯ ಸಾಲಕ್ಕೆ ಕಟ್ಟಿದೆ.