ಇಳಿಸಿಕೊಂಡ ಪಾಠ, ಕೂಡಿ ಕಟ್ಟಿದ ಪಾಠ

ಬೋಧನಾಭ್ಯಾಸ ಆರಂಭವಾದ ವಾರದಿಂದ ನನ್ನ ಮೇಜಿನ ಮೇಲೆ ಪಾಠಯೋಜನೆ ಪುಸ್ತಕಗಳ ರಾಶಿ ಏರುತ್ತಾ ಹೋಗುತ್ತದೆ. ಅವುಗಳನ್ನು ತಿದ್ದುವ ಯಾರಿಗಾದರೂ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಬೇರೆ ಬೇರೆ ಶಾಲೆಗಳಿಗೆ ಹೋದವರ ಪುಸ್ತಕಗಳಲ್ಲೂ ಅದೇ ಪೀಠಿಕಾ ಪ್ರಶ್ನೆ, ಅದೇ ಉದಾಹರಣೆ, ಮೌಲ್ಯಮಾಪನದ ಅವೇ ಐದು ಪ್ರಶ್ನೆಗಳು. ಮೊದಲು ಇವು ಹಿರಿಯ ಬ್ಯಾಚಿನವರ ಪುಸ್ತಕಗಳಿಂದ ಬರುತ್ತಿದ್ದವು. ಈಗ ಫೋನಿನಲ್ಲಿ ಪಿಡಿಎಫ್ ಆಗಿ ಬರುತ್ತವೆ.

ಇದಕ್ಕೆ ಆನ್‌ಲೈನ್ ಸಾಮಗ್ರಿಯನ್ನು ದೂರುವುದು ಸುಲಭ, ಆದರೆ ಸರಿಯಲ್ಲ. ಇನ್ನೊಬ್ಬರ ಪಾಠವನ್ನು ನೋಡದೆ ಒಳ್ಳೆಯ ಶಿಕ್ಷಕರಾದವರು ಯಾರಿದ್ದಾರೆ? ಇಳಿಸಿಕೊಂಡ ಸಾಮಗ್ರಿ ತರಗತಿಯ ಬಾಗಿಲು ದಾಟುವ ಮುಂಚೆ ಅದಕ್ಕೆ ಏನಾಗುತ್ತದೆ, ದಾಟಿದ ಮೇಲೆ ಏನಾಗುತ್ತದೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಈ ಸಲ ವಿಜ್ಞಾನದ ಮೂವರು ಪ್ರಶಿಕ್ಷಣಾರ್ಥಿಗಳ ಜೊತೆ ಕೆಲಸ ಮಾಡಿದ ಅನುಭವ ಆ ಪ್ರಶ್ನೆಗೆ ಒಂದು ದಾರಿ ತೋರಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಮ್ಮ ಕೈಗೆಟಕುವ ಸಾಮಗ್ರಿಯ ಬಗ್ಗೆ ಎರಡು ಮಾತು. 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ವಿಕಿ ಇದೆ. ವಿಕಿಪೀಡಿಯದ ಹಾಗೆ ಅಲ್ಲಿಯೂ ಶಿಕ್ಷಕರೇ ಪುಟಗಳನ್ನು ಬರೆದು ತಿದ್ದಬಹುದು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಅಧ್ಯಯನಕ್ಕಾಗಿ ಶುರುಮಾಡಿದ ಜಿಯೋಜಿಬ್ರಾ ಇಂದು ನಮ್ಮ ಗಣಿತ ಶಿಕ್ಷಕರ ಕೈಯಲ್ಲಿದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಅನೇಕವು ಕನ್ನಡದಲ್ಲೂ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಅವು ನಡೆಯುತ್ತವೆ.

ಇವುಗಳಲ್ಲಿ 'ಉಚಿತ'ಕ್ಕೂ 'ಮುಕ್ತ'ಕ್ಕೂ ಇರುವ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿಗಳಿಗೆ ಮೊದಲ ವಾರದಲ್ಲೇ ಹೇಳಬೇಕು. ಹಣ ಕೊಡದೆ ನೋಡಬಹುದಾದದ್ದು ಉಚಿತ. ಇಟ್ಟುಕೊಳ್ಳಲು, ಬಳಸಲು, ಬದಲಿಸಲು, ಬೇರೆಯದರ ಜೊತೆ ಬೆರೆಸಲು, ಮರಳಿ ಹಂಚಲು ಅನುಮತಿ ಇರುವುದು ಮುಕ್ತ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೋ ಕರೆದ ಸಭೆಯಲ್ಲಿ ಹುಟ್ಟಿತು. ಅದರ ಜೀವ ಇರುವುದು 'ಬದಲಿಸಬಹುದು' ಎಂಬ ಮಾತಿನಲ್ಲಿ. ಬದಲಿಸುವ ಹಕ್ಕು ಇದ್ದೂ ಬದಲಿಸದೆ ಇದ್ದರೆ ನಮ್ಮ ಕೈಯಲ್ಲಿರುವುದು ಅಚ್ಚಾದ ಇನ್ನೊಂದು ಗೈಡ್ ಅಷ್ಟೆ.

ಈಗ ಆ ಮೂವರ ವಿಷಯ. ಅವರು ಹೋದದ್ದು ಊರ ಹೊರಗಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಹತ್ತನೇ ತರಗತಿ, ಎರಡು ವಿಭಾಗ. ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿ ಮತ್ತು ಸಮಾಂತರ ಜೋಡಣೆ ಅವರ ಪಾಲಿಗೆ ಬಂದಿತ್ತು. ಫೆಟ್‌ನಲ್ಲಿ ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್ ಇದೆ. ಮೂವರೂ ಬೇರೆ ಬೇರೆಯಾಗಿ ಅದನ್ನೇ ಆರಿಸಿಕೊಂಡಿದ್ದರು. "ಹಾಗಿದ್ದರೆ ಒಂದೇ ಯೋಜನೆಯನ್ನು ಮೂವರೂ ಕೂತು ಬರೆಯಿರಿ. 'ಎ' ವಿಭಾಗದಲ್ಲಿ ಒಬ್ಬರು ಪಾಠ ಮಾಡಲಿ, ಇಬ್ಬರು ನೋಡಲಿ. ತಿದ್ದಿದ ಮೇಲೆ 'ಬಿ' ವಿಭಾಗದಲ್ಲಿ ಇನ್ನೊಬ್ಬರು ಮಾಡಲಿ" ಎಂದೆ. ಒಬ್ಬಳಿಗೆ ಅಂಕದ ಚಿಂತೆ: "ಮೇಡಂ, ಮೂವರ ಪುಸ್ತಕದಲ್ಲೂ ಒಂದೇ ಪಾಠ ಇದ್ದರೆ ಕಾಪಿ ಅಂತ ಮಾರ್ಕ್ಸ್ ಕಟ್ ಆಗಲ್ವಾ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ವೀಕ್ಷಣೆಗೆ ಒಂದೇ ನಿಯಮ ಹಾಕಿದೆ. ಪಾಠ ಮಾಡುವವರ ಧ್ವನಿ, ಕಪ್ಪುಹಲಗೆ ಕೆಲಸ, ನಿಂತ ಭಂಗಿ ಯಾವುದನ್ನೂ ಬರೆಯಬೇಕಾಗಿಲ್ಲ. ತಲಾ ಐದು ಮಕ್ಕಳನ್ನು ಹತ್ತಿರದಿಂದ ಗಮನಿಸಿ, ಅವರು ಏನು ಹೇಳಿದರು, ಏನು ಬರೆದರು ಎಂಬುದನ್ನು ಹಾಗೆಯೇ ಬರೆದುಕೊಳ್ಳಬೇಕು.

'ಎ' ವಿಭಾಗದ ಪಾಠ ನೋಡಲು ಚೆನ್ನಾಗಿಯೇ ನಡೆಯಿತು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ಬ್ಯಾಟರಿ, ತಂತಿ, ಬಲ್ಬು ಜೋಡಿಸಿದಾಗ ನೀಲಿ ಚುಕ್ಕೆಗಳು ಹರಿದವು, ಬಲ್ಬು ಬೆಳಗಿತು. 9 ವೋಲ್ಟಿನ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬು ಹಾಕಿದಾಗ 0.9 ಆಂಪಿಯರ್, ಸರಣಿಯಲ್ಲಿ ಎರಡು ಹಾಕಿದಾಗ 0.45. ಓಮನ ನಿಯಮ ಹೇಳಿದಂತೆಯೇ. ಮಕ್ಕಳು ಸರಿಯಾದ ಉತ್ತರಗಳನ್ನೇ ಕೊಟ್ಟರು. ವೀಕ್ಷಕರ ಹಾಳೆಗಳು ಮಾತ್ರ ಬೇರೆ ಕಥೆ ಹೇಳಿದವು.

ಮೂರನೇ ಬೆಂಚಿನ ಹುಡುಗಿ ಪಕ್ಕದವಳನ್ನು ಕೇಳಿದ್ದಳು: "ಬುಕ್ಕಲ್ಲಿ ಪ್ಲಸ್‌ನಿಂದ ಮೈನಸ್‌ಗೆ ಅಂತ ಇದೆ, ಇಲ್ಲಿ ಉಲ್ಟಾ ಹೋಗ್ತಿದೆಯಲ್ಲೇ?" ಶಿಕ್ಷಕಿಯನ್ನು ಅವಳು ಕೇಳಲಿಲ್ಲ. ಸಿಮ್ಯುಲೇಶನ್ ತೆರೆದಾಗ ಕಾಣುವುದು ಎಲೆಕ್ಟ್ರಾನುಗಳ ಚಲನೆ. ಪುಸ್ತಕದ ಬಾಣ ತೋರಿಸುವುದು ಸಾಂಪ್ರದಾಯಿಕ ದಿಕ್ಕು. ಎರಡೂ ಸರಿ. ಎರಡನ್ನೂ ಪರದೆಯ ಮೇಲೆ ಬದಲಿಸಿ ತೋರಿಸುವ ಗುಂಡಿ ಕೂಡ ಅಲ್ಲಿದೆ. ಇಳಿಸಿಕೊಂಡಿದ್ದ ಪಾಠಯೋಜನೆಯಲ್ಲಿ ಅದರ ಮಾತೇ ಇರಲಿಲ್ಲ, ಏಕೆಂದರೆ ಆ ಯೋಜನೆ ಬರೆದವರ ಎದುರು ಈ ಹುಡುಗಿ ಕೂತಿರಲಿಲ್ಲ.

ಇನ್ನೊಂದು ಹಾಳೆಯಲ್ಲಿ ಒಬ್ಬ ಹುಡುಗನ ಮಾತು ಇತ್ತು. ಮೊದಲನೇ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಎಂಬುದು ಅವನ ವಾದ. ಪರದೆಯ ಮೇಲೆ ಎರಡೂ ಸಮನಾಗಿ ಬೆಳಗುತ್ತಿವೆಯಲ್ಲ ಎಂದು ಗೆಳೆಯ ತೋರಿಸಿದಾಗ ಅವನ ಉತ್ತರ: "ಅದು ಕಂಪ್ಯೂಟರ್ ಕಣೋ, ಹಂಗೇ ಮಾಡಿಟ್ಟಿರ್ತಾರೆ." ವಿದ್ಯುತ್ ಪ್ರವಾಹ ಬಲ್ಬಿನಲ್ಲಿ ಖರ್ಚಾಗುತ್ತದೆ ಎಂಬ ಕಲ್ಪನೆ ಲೋಕದ ಎಲ್ಲೆಡೆಯ ಮಕ್ಕಳಲ್ಲೂ ಕಂಡಿರುವಂಥದ್ದು, ಬೋಧನಾಶಾಸ್ತ್ರದ ಪುಸ್ತಕಗಳಲ್ಲೂ ದಾಖಲಾಗಿದೆ. ಆದರೆ ಈ ಹುಡುಗ ಎತ್ತಿದ ಆಕ್ಷೇಪ ಅದಕ್ಕಿಂತ ಆಳದ್ದು. ಪರದೆ ತೋರಿಸಿದ್ದನ್ನು ನಾನು ಏಕೆ ನಂಬಬೇಕು ಎಂದು ಅವನು ಕೇಳುತ್ತಿದ್ದ. ವಿಜ್ಞಾನ ಕಲಿಯುವವರು ಕೇಳಲೇಬೇಕಾದ ಪ್ರಶ್ನೆ ಅದು.

ಅಂದು ಸಂಜೆ ಪ್ರಯೋಗಾಲಯದಲ್ಲಿ ಮೂವರು ಪ್ರಶಿಕ್ಷಣಾರ್ಥಿಗಳು, ಆ ಶಾಲೆಯ ವಿಜ್ಞಾನದ ಮೇಷ್ಟ್ರು ಮತ್ತು ನಾನು ಕೂತೆವು. ಮೇಷ್ಟ್ರು ಬೀರುವಿನಿಂದ ಹಳೆಯ ಟಾರ್ಚ್ ಬಲ್ಬುಗಳ ಡಬ್ಬಿ ತೆಗೆದರು. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಸೆಲ್ ಹಾಕಿದರೆ ಒಂದು ಬೆಳಗಿತು, ಇನ್ನೊಂದು ಕೆಂಪಗೆ ಮಿಣುಕಿತು. ಹುಡುಗನ ವಾದವನ್ನೇ ಎತ್ತಿ ಹಿಡಿಯುವ ಹಾಗೆ! "ಈಗ ಎರಡರ ಜಾಗ ಅದಲುಬದಲು ಮಾಡಿ ನೋಡಿ" ಎಂದರು ಮೇಷ್ಟ್ರು. ಮಾಡಿದರು. ಮಿಣುಕುತ್ತಿದ್ದ ಬಲ್ಬು ಮುಂದೆ ಬಂದರೂ ಮಿಣುಕುತ್ತಲೇ ಇತ್ತು. ಅಂದರೆ ವ್ಯತ್ಯಾಸ ಇರುವುದು ಬಲ್ಬಿನಲ್ಲಿ, ಸರದಿಯಲ್ಲಿ ಅಲ್ಲ. ಬಲ್ಬಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಮ್ಮೀಟರ್ ಇಟ್ಟರೆ ಎರಡು ಕಡೆಯೂ ಒಂದೇ ಅಂಕಿ. ಇದಾದ ಮೇಲೆ ಒಂದೇ ಬಗೆಯ ಎರಡು ಬಲ್ಬು ಆರಿಸಿ ಅಳೆದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಸರಣಿಯಲ್ಲಿ ಪ್ರವಾಹ ಸರಿಯಾಗಿ ಅರ್ಧಕ್ಕೆ ಇಳಿಯಲಿಲ್ಲ, ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ನಿಜವಾದ ಬಲ್ಬಿನ ತಂತು ತಣ್ಣಗಾದಷ್ಟೂ ಅದರ ರೋಧ ಕಡಿಮೆ. ಪರದೆಯ ಮೇಲಿನ 10 ಓಮ್ ಬಲ್ಬಿಗೆ ಆ ಗುಣವಿಲ್ಲ.

ಈ ಮಾತುಗಳಲ್ಲಿ ಒಂದೂ ಯಾವ ಜಾಲತಾಣದಲ್ಲೂ ಸಿಗುವುದಿಲ್ಲ ಎಂದಲ್ಲ. ಹುಡುಕಿದರೆ ಎಲ್ಲವೂ ಸಿಗುತ್ತದೆ. ಆದರೆ ಏನನ್ನು ಹುಡುಕಬೇಕೆಂದು ತಿಳಿದದ್ದು ಮಕ್ಕಳ ಮಾತು ಬರೆದುಕೊಂಡ ಆ ಎರಡು ಹಾಳೆಗಳಿಂದ. ಡಬ್ಬಿ ತೆಗೆಯಲು ಇಪ್ಪತ್ತು ವರ್ಷ ಪಾಠ ಮಾಡಿದವರ ಕೈ ಬೇಕಾಯಿತು. ಸಿಮ್ಯುಲೇಶನ್‌ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಲು ಪ್ರಶಿಕ್ಷಣಾರ್ಥಿಗಳ ಉತ್ಸಾಹ ಬೇಕಾಯಿತು.

'ಬಿ' ವಿಭಾಗಕ್ಕೆ ಪಾಠದ ಕ್ರಮವೇ ಬದಲಾಯಿತು. ಮೊದಲು ನಿಜವಾದ ಬಲ್ಬು. ಸ್ವಿಚ್ ಒತ್ತುವ ಮುಂಚೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಲ್ಬು ಅದಲುಬದಲು, ಅಮ್ಮೀಟರ್, ಚರ್ಚೆ. ಸಿಮ್ಯುಲೇಶನ್ ಬಂದದ್ದು ಕೊನೆಯ ಹದಿನೈದು ನಿಮಿಷಕ್ಕೆ, ತಂತಿಯ ಒಳಗೆ ಕಣ್ಣಿಗೆ ಕಾಣದ್ದನ್ನು ಊಹಿಸಿಕೊಳ್ಳಲು. ದಿಕ್ಕಿನ ಪ್ರಶ್ನೆಯನ್ನು ಶಿಕ್ಷಕಿಯೇ ಎತ್ತಿದಳು. ಪ್ಲಸ್, ಮೈನಸ್ ಎಂಬ ಹೆಸರುಗಳು ಬೆಂಜಮಿನ್ ಫ್ರಾಂಕ್ಲಿನ್ ಕಾಲದವು, ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಅಷ್ಟರಲ್ಲಿ ಹಳೆಯ ಬಾಣ ಎಲ್ಲ ಪುಸ್ತಕಗಳಲ್ಲೂ ಕೂತುಬಿಟ್ಟಿತ್ತು ಎಂದು ಎರಡೇ ನಿಮಿಷದಲ್ಲಿ ಹೇಳಿದಳು. 'ಎ' ವಿಭಾಗದ ಮಕ್ಕಳಿಗೂ ಮರುದಿನ ಡಬ್ಬಿಯ ಬಲ್ಬುಗಳನ್ನು ಕೊಟ್ಟರು. ಎಲ್ಲರ ಕಲ್ಪನೆಯೂ ಒಂದೇ ದಿನದಲ್ಲಿ ತಿದ್ದಿತೆಂದು ನಾನು ಹೇಳುವುದಿಲ್ಲ. ಕೆಲವರ ನೋಟ್‌ಬುಕ್ಕಿನಲ್ಲಿ 'ತಿನ್ನುವ ಬಲ್ಬು' ಹಾಗೆಯೇ ಉಳಿದಿತ್ತು. ಆದರೆ ಅದು ಯಾರ ತಲೆಯಲ್ಲಿ ಉಳಿದಿದೆ ಎಂಬುದು ಆ ಮೂವರಿಗೂ ಗೊತ್ತಿತ್ತು.

ಮಾಡಿದ್ದನ್ನು ಮರಳಿ ಹಂಚುವುದು ಈ ಕೆಲಸದ ಕೊನೆಯ ಹಂತ. ಮೂವರೂ ಸೇರಿ ಎರಡು ಪುಟದ ಟಿಪ್ಪಣಿ ಬರೆದರು. ಮಕ್ಕಳ ಹೆಸರು, ಫೋಟೊ ಯಾವುದೂ ಬೇಡ, ಅವರ ಮಾತು ಮಾತ್ರ ಇರಲಿ ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಆ ಟಿಪ್ಪಣಿಯನ್ನು ಮೇಷ್ಟ್ರು ತಾಲ್ಲೂಕಿನ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಕೊಟ್ಟರು. ಪ್ರೊಜೆಕ್ಟರ್ ಇಲ್ಲದ ಶಾಲೆಯ ಶಿಕ್ಷಕಿಯೊಬ್ಬರು ಅದಕ್ಕೆ ತಮ್ಮ ಅನುಭವ ಸೇರಿಸಿ ಕಳಿಸಿದರು. ಗಣೇಶನ ಪೆಂಡಾಲಿನ ಕೆಟ್ಟುಹೋದ ಸೀರಿಯಲ್ ಸೆಟ್ ತಂದು, ಪ್ಲಗ್ಗಿಗೆ ಹಾಕದೆ, ತಂತಿಯ ದಾರಿಯನ್ನಷ್ಟೇ ಮಕ್ಕಳಿಂದ ಹುಡುಕಿಸಿದ್ದರು. ಒಂದು ಬಲ್ಬು ಹೋದರೆ ಸಾಲೆಲ್ಲ ಏಕೆ ಆರುತ್ತದೆ, ಮನೆಯಲ್ಲಿ ಒಂದು ಬಲ್ಬು ಹೋದರೆ ಫ್ಯಾನ್ ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗಳು ಅಲ್ಲಿಂದ ಬಂದವು. ಈಗ ನಮ್ಮ ಟಿಪ್ಪಣಿಗೆ ಮೂರನೇ ಪುಟವಿದೆ.

ಶಿಕ್ಷಕರು ಕೂಡಿ ಸಾಮಗ್ರಿ ಕಟ್ಟುವುದು ಇಂಟರ್‌ನೆಟ್ ತಂದ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಲಿಕಾ ಕಾರ್ಡುಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಬರೆದರು. ನಲಿ-ಕಲಿ ಹುಟ್ಟಿದ್ದು ಹಾಗೆ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚಿಸುವ ಪಾಠ ಅಧ್ಯಯನದ ಪದ್ಧತಿ ಬಹಳ ಹಿಂದಿನಿಂದ ಇದೆ. ನಾವು ಮಾಡಿದ್ದು ಅದರ ಸಣ್ಣ ರೂಪ. ಆನ್‌ಲೈನ್ ಸಾಮಗ್ರಿ ಇದಕ್ಕೆ ಕೊಟ್ಟದ್ದು ಎರಡು: ಶುರುಮಾಡಲು ಒಂದು ಒಳ್ಳೆಯ ಕರಡು, ಮುಗಿದ ಮೇಲೆ ದೂರದವರಿಗೂ ತಲುಪಿಸುವ ದಾರಿ. ನಡುವಿನ ಕೆಲಸವನ್ನು ನಾವೇ ಮಾಡಬೇಕು.

ಇನ್ನು ಅಂಕದ ಪ್ರಶ್ನೆ. ಪ್ರತಿಯೊಬ್ಬರೂ ಸ್ವಂತವಾಗಿ ಬರೆಯಬೇಕು ಎಂಬ ನಿಯಮದ ಉದ್ದೇಶ ಒಳ್ಳೆಯದು. ಆದರೆ ಅದು ಕಾಪಿಯನ್ನು ತಡೆದಿಲ್ಲ, ಬಚ್ಚಿಡುವುದನ್ನು ಕಲಿಸಿದೆ. ಎಲ್ಲಿಂದ ತಂದೆ ಎಂದು ಬರೆದವರಿಗೆ ಅಂಕ ಹೋಗುತ್ತದೆ, ಬರೆಯದವರಿಗೆ ಪೂರ್ತಿ ಸಿಗುತ್ತದೆ ಎಂದಾದರೆ ನಾವು ಯಾವ ಬಗೆಯ ಶಿಕ್ಷಕರನ್ನು ತಯಾರಿಸುತ್ತಿದ್ದೇವೆ? ಈಗ ನನ್ನ ಗುಂಪಿನ ಪಾಠಯೋಜನೆಯ ಕೊನೆಯಲ್ಲಿ ನಾಲ್ಕು ಅಂಕಣಗಳಿವೆ: ಎಲ್ಲಿಂದ ತೆಗೆದುಕೊಂಡೆ, ಏನು ಬದಲಿಸಿದೆ, ಏಕೆ ಬದಲಿಸಿದೆ, ಪಾಠದ ನಂತರ ಮಕ್ಕಳಿಂದ ಏನು ತಿಳಿಯಿತು. ಮೊದಲ ಅಂಕಣ ಪ್ರಾಮಾಣಿಕತೆಗೆ. ಅಂಕ ಇರುವುದು ಉಳಿದ ಮೂರಕ್ಕೆ. ಯೋಜನೆ ಮೂವರದೂ ಒಂದೇ ಇರಬಹುದು. ಕೊನೆಯ ಅಂಕಣ ಒಂದೇ ಆಗಿರಲು ಸಾಧ್ಯವಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಗಮನಿಸಿದ ಮಕ್ಕಳು ಬೇರೆ.

ಇದಕ್ಕೆ ಸಮಯ ಬೇಕು, ನಿಜ. ಎಲ್ಲ ಪಾಠಗಳನ್ನೂ ಹೀಗೆ ಮಾಡಲಾಗದು. ಇಡೀ ಬೋಧನಾಭ್ಯಾಸದಲ್ಲಿ ಒಂದೆರಡು ಪಾಠಗಳಿಗೆ ಮಾಡಿದರೂ ಸಾಕು. ನೆಟ್‌ವರ್ಕ್ ಇಲ್ಲದ ಶಾಲೆಗೆ ಹೋಗುವವರು ಸಿಮ್ಯುಲೇಶನ್ ಅಥವಾ ಜಿಯೋಜಿಬ್ರಾ ಕಡತವನ್ನು ಕಾಲೇಜಿನಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಲಿ, ಹಿಂದಿನ ದಿನ ಆ ಶಾಲೆಯ ಯಂತ್ರದಲ್ಲೇ ತೆರೆದು ನೋಡಲಿ. ಕರೆಂಟ್ ಹೋದರೆ ಪಾಠ ನಿಲ್ಲದಂತೆ ಸೀಮೆಸುಣ್ಣದ ಯೋಜನೆಯೂ ಜೊತೆಗಿರಲಿ.

ಸಹೋದ್ಯೋಗಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ವಿಷಯದ ಒಂದು ಪಾಠವನ್ನು ಆರಿಸಿ, ಇಬ್ಬರು ಮೂವರು ಪ್ರಶಿಕ್ಷಣಾರ್ಥಿಗಳಿಂದ ಹೀಗೆ ಎರಡು ಸಲ ಮಾಡಿಸಿ, ಮಕ್ಕಳ ಮಾತುಗಳೊಂದಿಗೆ ಟಿಪ್ಪಣಿ ಬರೆಸಿ. ಕನ್ನಡ ವ್ಯಾಕರಣವಾಗಲಿ, ಭಿನ್ನರಾಶಿಯಾಗಲಿ, ನಕ್ಷೆ ಓದುವುದಾಗಲಿ, ಎಲ್ಲದರಲ್ಲೂ 'ತಿನ್ನುವ ಬಲ್ಬು' ಒಂದಿರುತ್ತದೆ. ಮುಂದಿನ ಬ್ಯಾಚಿನವರಿಗೆ ಆ ಟಿಪ್ಪಣಿಗಳು ಸಿಗಲಿ. ಅವರೂ ಅದನ್ನು ನೋಡಿಯೇ ಬರೆಯುತ್ತಾರೆ, ಬರೆಯಲಿ. ಆದರೆ ಕೊನೆಯ ಅಂಕಣವನ್ನು ತಮ್ಮ ತರಗತಿಗೆ ಹೋಗಿ ಬಂದ ಮೇಲೆಯೇ ತುಂಬಬೇಕಾಗುತ್ತದೆ.